ಅಮೆರಿಕದಿಂದ ತಂದ ಎಕ್ಸ್‌ಬಾಕ್ಸ್ 360 ಆನ್ ಆಗುತ್ತಿಲ್ಲ: ಕೆಟ್ಟಿರುವುದು ಯಂತ್ರವೋ, ಅದರ ಅಡಾಪ್ಟರೋ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯಲ್ಲಿರುವ ನಮ್ಮ ಅಕ್ಕ ಈ ಸಲ ಶಿವಮೊಗ್ಗಕ್ಕೆ ಬಂದಾಗ, ತನ್ನ ಮಕ್ಕಳು ದೊಡ್ಡವರಾಗಿ ಮೂಲೆಗೆ ಸರಿಸಿದ್ದ ಎಕ್ಸ್‌ಬಾಕ್ಸ್ 360 ಗೇಮ್ ಕನ್ಸೋಲನ್ನು ನನ್ನ ಇಬ್ಬರು ಗಂಡುಮಕ್ಕಳಿಗೆಂದು ಹಳೆಯ ಸೀರೆಗಳಲ್ಲಿ ಸುತ್ತಿಕೊಂಡು ತಂದುಕೊಟ್ಟಳು. ಅದನ್ನು 2006ರ ಡಿಸೆಂಬರಿನಲ್ಲಿ ಅಲ್ಲಿಯೇ ಕೊಂಡದ್ದು. ಹೊರಡುವ ಹಿಂದಿನ ವಾರವೂ ಸರಿಯಾಗಿ ನಡೆಯುತ್ತಿತ್ತು ಎಂದು ಅವಳು ಖಚಿತವಾಗಿ ಹೇಳುತ್ತಾಳೆ.

ಅದರ ಪ್ಲಗ್ಗಿನ ಚಪ್ಪಟೆ ಪಿನ್ನುಗಳು ನಮ್ಮ ಗೋಡೆಯ ಸಾಕೆಟ್ಟಿಗೆ ಹೊಂದಲಿಲ್ಲವಾದ್ದರಿಂದ, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ‘ಕನ್ವರ್ಟರ್ ಪಿನ್ನು’ ಎಂದು ಕೇಳಿ ತಂದು, ಅದರ ಮೂಲಕ ಜೋಡಿಸಿದೆವು. ದೊಡ್ಡ ಮಗ ಸ್ವಿಚ್ಚು ಹಾಕಿದ ಕೂಡಲೇ, ತಂತಿಯ ನಡುವೆ ಇರುವ ಇಟ್ಟಿಗೆಯಷ್ಟು ದೊಡ್ಡ ಅಡಾಪ್ಟರ್ ಪೆಟ್ಟಿಗೆಯಿಂದ ‘ಟಪ್’ ಎಂಬ ಸದ್ದು ಬಂದು, ಸುಟ್ಟ ವಾಸನೆ ಹರಡಿತು. ಅಂದಿನಿಂದ ಯಾವ ದೀಪವೂ ಹೊತ್ತುತ್ತಿಲ್ಲ. ಕನ್ಸೋಲಿನ ಗುಂಡಿ ಒತ್ತಿದರೆ ಫ್ಯಾನಿನ ಸದ್ದೂ ಇಲ್ಲ.

ಇಲ್ಲಿನ ಟಿ.ವಿ. ರಿಪೇರಿ ಅಂಗಡಿಯವರೊಬ್ಬರು ವಿಷಯ ಕೇಳಿ, ಯಂತ್ರವನ್ನು ಮುಟ್ಟಿಯೂ ನೋಡದೆ, ‘ಮದರ್‌ಬೋರ್ಡ್ ಹೋಗಿದೆ ಮೇಡಂ, ಇದಕ್ಕೆ ದುಡ್ಡು ಹಾಕಬೇಡಿ’ ಎಂದುಬಿಟ್ಟರು. ಅಂತರ್ಜಾಲದಲ್ಲಿ ಹುಡುಕಿದರೆ ಎಲ್ಲ ಕಡೆಯೂ ಕೆಂಪು ದೀಪಗಳ ಮಾತೇ ಬರುತ್ತದೆ. ನಮ್ಮಲ್ಲಿ ಕೆಂಪು ದೀಪವೂ ಇಲ್ಲ, ಹಸಿರು ದೀಪವೂ ಇಲ್ಲ. ಅಕ್ಕನಿಗೆ ಇನ್ನೂ ತಿಳಿಸಿಲ್ಲ. ಯಂತ್ರ ನಿಜವಾಗಿಯೂ ಹೋಗಿದೆಯೇ ಎಂಬುದನ್ನು ಮನೆಯಲ್ಲೇ ಅಪಾಯವಿಲ್ಲದೆ ಕಂಡುಕೊಳ್ಳುವ ದಾರಿ ಇದ್ದರೆ ದಯವಿಟ್ಟು ತಿಳಿಸಿ.

ಹಡ್ಸನ್ ದಂಡೆ

ನಿಮ್ಮ ಪ್ರಶ್ನೆಯ ಎರಡನೆಯ ಪ್ಯಾರಾದಲ್ಲಿಯೇ ಉತ್ತರದ ಅರ್ಧ ಭಾಗವಿದೆ. ಆ ಅಡಾಪ್ಟರ್ ಪೆಟ್ಟಿಗೆಯನ್ನು ಮಗುಚಿ, ಕೆಳಗೆ ಅಂಟಿಸಿರುವ ಚೀಟಿಯಲ್ಲಿ ‘ಇನ್‌ಪುಟ್’ ಎಂಬುದರ ಮುಂದೆ ಏನಿದೆಯೆಂದು ಮೊದಲು ಓದಿ. ಅಮೆರಿಕದಲ್ಲಿ ಮಾರಿದ ಎಕ್ಸ್‌ಬಾಕ್ಸ್ 360ರ ಅಡಾಪ್ಟರಿನ ಮೇಲೆ 100–127 ವೋಲ್ಟ್ ಎಂದಿರುತ್ತದೆ. ನಮ್ಮೂರಿನ ಗೋಡೆಯಲ್ಲಿ ಬರುವುದು 230 ವೋಲ್ಟ್.

ನೀವು ತಂದ ‘ಕನ್ವರ್ಟರ್ ಪಿನ್ನು’ ಹೆಸರಿಗಷ್ಟೇ ಕನ್ವರ್ಟರ್. ಅದು ಪಿನ್ನಿನ ಆಕಾರವನ್ನು ಬದಲಿಸುತ್ತದೆಯೇ ಹೊರತು, ಒಳಗೆ ಹರಿಯುವ ವಿದ್ಯುತ್ತಿನಲ್ಲಿ ಒಂದು ವೋಲ್ಟನ್ನೂ ತಗ್ಗಿಸುವುದಿಲ್ಲ. ಈ ತಪ್ಪು ನಡೆಯುವುದು ನಮ್ಮ ಜನ ದಡ್ಡರೆಂದಲ್ಲ, ಅಭ್ಯಾಸದಿಂದ. ಲ್ಯಾಪ್‌ಟಾಪಿನ ಮತ್ತು ಮೊಬೈಲಿನ ಚಾರ್ಜರುಗಳ ಮೇಲೆ 100–240 ವೋಲ್ಟ್ ಎಂದಿರುವುದರಿಂದ, ಅವನ್ನು ಯಾವ ದೇಶಕ್ಕೆ ಒಯ್ದರೂ ಪಿನ್ನು ಬದಲಿಸಿದರೆ ಸಾಕಾಗುತ್ತದೆ. ಹತ್ತು ವರ್ಷ ಹಾಗೆ ಬಳಸಿದವರು ಹನ್ನೊಂದನೆಯ ವರ್ಷ ಬಂದ ವಸ್ತುವಿನ ಚೀಟಿಯನ್ನು ಓದುವುದಿಲ್ಲ. ವಿಚಿತ್ರವೆಂದರೆ, ಊರಿನಿಂದ ಇಲ್ಲಿಗೆ, ಅಮೆರಿಕಕ್ಕೆ, ಮಿಕ್ಸಿ ತರುವಾಗ ಮಾತ್ರ ‘110 ವೋಲ್ಟಿನದೇ ಕೊಡಿ’ ಎಂದು ಅಂಗಡಿಯಲ್ಲಿ ಕೇಳಿ ತರುತ್ತೇವೆ.

ನಾನು ಇದೇ ಮಾದರಿಯ ಕನ್ಸೋಲನ್ನು ಹಾಸನಕ್ಕೆ ಒಯ್ದಾಗ ವೋಲ್ಟೇಜು ತಗ್ಗಿಸುವ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡು ನಡೆಸಿದೆ. ನಡೆಯಿತು, ಆದರೆ ಆ ಟ್ರಾನ್ಸ್‌ಫಾರ್ಮರ್ ಕನ್ಸೋಲಿಗಿಂತ ಭಾರವಾಗಿತ್ತು, ಜೀರುಂಡೆಯಂತೆ ಸದಾ ಗುಂಯ್‌ಗುಡುತ್ತಿತ್ತು. ನೀವು ಆ ದಾರಿ ಹಿಡಿಯಬೇಡಿ. ಹೇಗಿದ್ದರೂ ನಿಮ್ಮ ಅಡಾಪ್ಟರು ಈಗ ಕೆಟ್ಟಿದೆ.

ಬೆಸುಗೆಕಡ್ಡಿ

ನಾನು ಬೆಂಗಳೂರಿನಲ್ಲಿ ಹಲವು ವರ್ಷಗಳಿಂದ ವಿದ್ಯುನ್ಮಾನ ಉಪಕರಣಗಳ ದುರಸ್ತಿ ಮಾಡುತ್ತಿದ್ದೇನೆ. ಮೇಲಿನವರು ಹೇಳಿದ್ದು ಸರಿ. ಆದರೆ ನೀವು ಕೇಳಿದ ಮುಖ್ಯ ಪ್ರಶ್ನೆ, ಯಂತ್ರ ಉಳಿದಿದೆಯೇ ಎಂಬುದು. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಆನ್ ಆಗದ ಯಾವ ಯಂತ್ರವನ್ನು ಪರೀಕ್ಷಿಸುವಾಗಲೂ ಗೋಡೆಯಿಂದ ಹೊರಟು, ವಿದ್ಯುತ್ತು ನಡೆಯುವ ದಾರಿಯಲ್ಲೇ ಹೆಜ್ಜೆಹೆಜ್ಜೆಯಾಗಿ ಒಳಕ್ಕೆ ಹೋಗಬೇಕು. ಮದರ್‌ಬೋರ್ಡ್ ಆ ದಾರಿಯ ಕಟ್ಟಕಡೆಯ ನಿಲ್ದಾಣ. ನಿಮ್ಮ ಪ್ರಕರಣದಲ್ಲಿ ಸದ್ದು ಮತ್ತು ವಾಸನೆ ಎರಡೂ ಅಡಾಪ್ಟರ್ ಪೆಟ್ಟಿಗೆಯಿಂದ ಬಂದಿವೆ ಎಂದು ನೀವೇ ಬರೆದಿದ್ದೀರಿ. ಅದನ್ನು ಕೇಳಿಯೂ ಮದರ್‌ಬೋರ್ಡಿನ ಮೇಲೆ ತಪ್ಪು ಹೊರಿಸುವುದು, ಹೊಸ್ತಿಲಲ್ಲಿ ಎಡವಿದವನಿಗೆ ದೇವರಮನೆಯನ್ನು ದೂರಿದಂತೆ.

ಆ ಪೆಟ್ಟಿಗೆಯೊಳಗೆ ನಡೆದದ್ದೇನು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಗೋಡೆಯಿಂದ ಬರುವ ಎಸಿ ವಿದ್ಯುತ್ತನ್ನು ಅದು ಮೊದಲು ಡಿಸಿ ಮಾಡಿ ಒಂದು ದೊಡ್ಡ ಕೆಪಾಸಿಟರಿನಲ್ಲಿ ತುಂಬಿಸಿಕೊಳ್ಳುತ್ತದೆ. 120 ವೋಲ್ಟಿನ ಎಸಿಯ ತುತ್ತತುದಿ ಸುಮಾರು 170 ವೋಲ್ಟ್; 230 ವೋಲ್ಟಿನ ತುತ್ತತುದಿ ಸುಮಾರು 325 ವೋಲ್ಟ್. 120 ವೋಲ್ಟಿಗೆಂದೇ ಮಾಡಿದ ಅಡಾಪ್ಟರುಗಳಲ್ಲಿ ಈ ಜಾಗದಲ್ಲಿ 200 ವೋಲ್ಟ್ ತಡೆಯುವ ಕೆಪಾಸಿಟರ್ ಇಟ್ಟಿರುವುದು ಸಾಮಾನ್ಯ. ಅದರ ಮುಂದೆ, ಮಿತಿಮೀರಿದ ವೋಲ್ಟೇಜು ಬಂದರೆ ತಾನು ಶಾರ್ಟ್ ಆಗಿ ಫ್ಯೂಸನ್ನು ಹಾರಿಸಿ ಉಳಿದದ್ದನ್ನು ಕಾಯುವ, ಬಿಲ್ಲೆಯಾಕಾರದ ವ್ಯಾರಿಸ್ಟರ್ ಎಂಬ ಭಾಗವೂ ಇರುತ್ತದೆ. ‘ಟಪ್’ ಎಂದದ್ದು ಇವೆರಡರಲ್ಲಿ ಒಂದು.

ಇಲ್ಲಿ ನಿಮಗೆ ಸಮಾಧಾನದ ಸಂಗತಿಯಿದೆ. ಈ ಭಾಗಗಳೆಲ್ಲ ಹೊಳೆಯ ಆಚೆ ದಡದವು. ಕನ್ಸೋಲಿಗೆ ಹೋಗುವ ವಿದ್ಯುತ್ತು ಈಚೆ ದಡದಲ್ಲಿ, ಒಂದು ಚಿಕ್ಕ ಟ್ರಾನ್ಸ್‌ಫಾರ್ಮರಿನ ಇನ್ನೊಂದು ಬದಿಯಲ್ಲಿ ಹುಟ್ಟುತ್ತದೆ. ಎರಡರ ನಡುವೆ ನೇರ ತಂತಿಯ ಸಂಪರ್ಕವಿಲ್ಲ. ಆಚೆ ದಡದಲ್ಲಿ ಫ್ಯೂಸ್ ಹಾರಿದರೆ ಈಚೆಗೆ ಬರುವ ವಿದ್ಯುತ್ತು ನಿಲ್ಲುತ್ತದೆಯೇ ಹೊರತು, ಸಾಮಾನ್ಯವಾಗಿ ಏರುವುದಿಲ್ಲ. ಆದ್ದರಿಂದ ಕನ್ಸೋಲ್ ಉಳಿದಿರುವ ಸಂಭವವೇ ಹೆಚ್ಚು.

ಪೆಟ್ಟಿಗೆಯನ್ನು ನೀವು ಬಿಚ್ಚಬೇಡಿ, ಮಕ್ಕಳ ಕೈಗೂ ಕೊಡಬೇಡಿ. ಕೆಟ್ಟ ಅಡಾಪ್ಟರಿನ ಕೆಪಾಸಿಟರು, ಪ್ಲಗ್ ಕಿತ್ತ ಮೇಲೂ ಬಹಳ ಹೊತ್ತು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಅದರ ಹೊಡೆತ ಪ್ರಾಣಾಂತಿಕ.

ಕನ್ಸೋಲಿನ ಕಡೆ ಒಂದು ಚಿಕ್ಕ ಪರೀಕ್ಷೆ ಮಾಡಬಹುದು. ಅಡಾಪ್ಟರನ್ನು ಪೂರ್ತಿ ಬೇರ್ಪಡಿಸಿ, ಯಂತ್ರವನ್ನು ಒಂದು ದಿನ ಹಾಗೆಯೇ ಬಿಡಿ. ನಂತರ ಮಲ್ಟಿಮೀಟರನ್ನು ಓಮ್ ಅಳೆಯುವ ಸ್ಥಾನದಲ್ಲಿಟ್ಟು, ಯಂತ್ರದ ಹಿಂಬದಿಯ ವಿದ್ಯುತ್ ಕಿಂಡಿಯಲ್ಲಿ 12 ವೋಲ್ಟಿನ ಪಿನ್ನಿಗೂ ಗ್ರೌಂಡಿಗೂ ನಡುವೆ ಅಳೆದು ನೋಡಿ. ಅಂಕಿ ಮೆಲ್ಲಗೆ ಏರುತ್ತ ಹೋಗಿ ಎಲ್ಲಾದರೂ ನಿಂತರೆ ಒಳ್ಳೆಯ ಲಕ್ಷಣ. ಸೊನ್ನೆಗೇ ಅಂಟಿಕೊಂಡಿದ್ದರೆ ಒಳಗೆ ಶಾರ್ಟ್ ಇದೆ ಎಂದರ್ಥ. ಪಿನ್ನು ಯಾವುದು ಎಂಬುದು ಖಚಿತವಾಗದಿದ್ದರೆ ಈ ಪರೀಕ್ಷೆಯನ್ನು ಬಿಟ್ಟುಬಿಡಿ, ತಿಳಿದವರು ಎರಡು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಕಿಂಡಿಯ ಬಳಿ ಇರುವ ಚೀಟಿಯಲ್ಲಿ 12 ವೋಲ್ಟಿನ ಮುಂದೆ ಎಷ್ಟು ಆಂಪಿಯರ್ ಎಂದು ಬರೆದಿದೆ ತಿಳಿಸಿ.

ಆಗುಂಬೆಮಳೆ

ಬೆಸುಗೆಕಡ್ಡಿಯವರ ಮಾತಿಗೆ ನನ್ನದೊಂದು ಪೆದ್ದುತನದ ಕಥೆಯನ್ನು ಸೇರಿಸುತ್ತೇನೆ. ನನ್ನ ಬಳಿಯೂ ಇದೇ ಕನ್ಸೋಲ್ ಇತ್ತು. ಭಾರತದಲ್ಲಿಯೇ ಕೊಂಡದ್ದಾದ್ದರಿಂದ ವೋಲ್ಟೇಜಿನ ಸಮಸ್ಯೆ ಇರಲಿಲ್ಲ. ಒಂದು ಮಳೆಗಾಲದಲ್ಲಿ ಅದು ಇದ್ದಕ್ಕಿದ್ದಂತೆ ಆನ್ ಆಗದೆ ಹೋಯಿತು. ಅಡಾಪ್ಟರಿನ ತುದಿಯಲ್ಲಿ 12 ವೋಲ್ಟ್ ಬರುತ್ತಿದೆಯೇ ಎಂದು ಮಲ್ಟಿಮೀಟರ್ ಹಿಡಿದು ನೋಡಿದೆ, ಸೊನ್ನೆ ಬಂತು. ಅಡಾಪ್ಟರ್ ಸತ್ತಿದೆ ಎಂದು ತೀರ್ಮಾನಿಸಿ ಗುಜರಿಗೆ ಹಾಕಿದೆ. ಹೊಸ ಅಡಾಪ್ಟರ್ ತಂದರೂ ಅದೇ ಹಾಡು.

ಆಮೇಲೆ ತಿಳಿಯಿತು, ಕನ್ಸೋಲ್ ಕೇಳುವವರೆಗೂ ಈ ಅಡಾಪ್ಟರು 12 ವೋಲ್ಟನ್ನು ಕೊಡುವುದೇ ಇಲ್ಲ. ಅಲ್ಲಿಯವರೆಗೆ ಹೊರಬರುವುದು 5 ವೋಲ್ಟಿನ ಕಾವಲು ವಿದ್ಯುತ್ತು ಮಾತ್ರ. ಗುಂಡಿ ಒತ್ತಿದಾಗ ಕನ್ಸೋಲು ಬೇರೊಂದು ಸಣ್ಣ ಎಳೆಯ ಮೂಲಕ ಅಪ್ಪಣೆ ಕಳಿಸುತ್ತದೆ, ಆಗ 12 ವೋಲ್ಟ್ ತೆರೆಯುತ್ತದೆ. ನಾನು ಎಸೆದದ್ದು ಚೆನ್ನಾಗಿದ್ದ ಅಡಾಪ್ಟರನ್ನು. ನಿಜವಾದ ದೋಷ ಇದ್ದದ್ದು ಮುಂಬದಿಯ ಪವರ್ ಗುಂಡಿಯಲ್ಲಿ, ತೇವಕ್ಕೆ ಅದು ಹಿಡಿದುಕೊಂಡಿತ್ತು. ಡಿಸ್ಕ್ ಹೊರಬರುವ ಗುಂಡಿಯನ್ನು ಒತ್ತಿದರೂ ಈ ಯಂತ್ರ ಆನ್ ಆಗುತ್ತದೆ, ಜೋಡಿಸಿದ ನಿಸ್ತಂತು ಕಂಟ್ರೋಲರಿನ ನಡುವಿನ ಗುಂಡಿಯಿಂದಲೂ ಆಗುತ್ತದೆ. ಈ ಮೂರನ್ನೂ ಒತ್ತಿ ನೋಡಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು.

ಇನ್ನೊಂದು ಮಾತು. ನಮ್ಮ ಕಡೆ ಬೆಚ್ಚಗಿರುವ ಯಾವ ಯಂತ್ರವೂ ಮಳೆಗಾಲದಲ್ಲಿ ಇರುವೆಗೆ, ಜಿರಳೆಗೆ ಬಾಡಿಗೆಯಿಲ್ಲದ ಮನೆ. ಸೀರೆ ಸುತ್ತಿ ತಂದದ್ದರಿಂದ ನಿಮ್ಮದರಲ್ಲಿ ಅವು ಇರಲಾರವು, ಆದರೂ ಗಾಳಿಕಿಂಡಿಗಳಲ್ಲಿ ಬಟ್ಟೆಯ ನೂಲು ಸೇರಿದೆಯೇ ನೋಡಿ.

ಬೆಸುಗೆಕಡ್ಡಿಯವರಿಗೊಂದು ಪ್ರಶ್ನೆ: ಮೂಲೆಯಲ್ಲಿ ಬಿದ್ದಿರುವ ಹಳೆಯ ಕಂಪ್ಯೂಟರಿನ ವಿದ್ಯುತ್ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಲ್ಲಿಯೂ 12 ಮತ್ತು 5 ವೋಲ್ಟ್ ಬರುತ್ತವಲ್ಲ, ಅದನ್ನೇ ಜೋಡಿಸಿ ಪರೀಕ್ಷಿಸಬಾರದೇಕೆ?

ತುಂಗಾತೀರ

ಎಲ್ಲರಿಗೂ ಧನ್ಯವಾದ. ಅಡಾಪ್ಟರಿನ ಚೀಟಿಯಲ್ಲಿ 100–127 ವೋಲ್ಟ್ ಎಂದೇ ಇದೆ, ಓದಿದಾಗ ನಾಚಿಕೆಯಾಯಿತು. ಕನ್ಸೋಲಿನ ಹಿಂದೆ 12 ವೋಲ್ಟಿನ ಮುಂದೆ 16.5 ಆಂಪಿಯರ್ ಎಂದಿದೆ. ಎಚ್‌ಡಿಎಂಐ ಕಿಂಡಿ ಇಲ್ಲ. ಹಳದಿ, ಕೆಂಪು, ಬಿಳಿ ಪಿನ್ನುಗಳ ಹಳೆಯ ಕೇಬಲ್ಲೇ ಇರುವುದು. ನಮ್ಮ ಬೀದಿಯ ಎಲೆಕ್ಟ್ರಾನಿಕ್ಸ್ ಓದಿದ ಹುಡುಗನೊಬ್ಬ ಮಲ್ಟಿಮೀಟರ್ ಹಿಡಿದು ನೋಡಿ, ಶಾರ್ಟ್ ಕಾಣುತ್ತಿಲ್ಲ ಎಂದ.

ಬೆಸುಗೆಕಡ್ಡಿ

ಶಾರ್ಟ್ ಇಲ್ಲವೆಂದರೆ ಮುಂದುವರಿಯಬಹುದು.

ಮೊದಲು ಎಸ್‌ಎಂಪಿಎಸ್ ಪ್ರಶ್ನೆ. ಸಿದ್ಧಾಂತದಲ್ಲಿ ಸಾಧ್ಯ, ಮಾಡಿದವರೂ ಇದ್ದಾರೆ. ಆದರೆ 16.5 ಆಂಪಿಯರ್ ಎಂಬುದು ಸಣ್ಣ ಪ್ರವಾಹವಲ್ಲ. ಹಳೆಯ ಎಸ್‌ಎಂಪಿಎಸ್‌ಗಳ 12 ವೋಲ್ಟಿನ ಸಾಲು ಅಷ್ಟನ್ನು ಕೊಡುವ ಭರವಸೆಯಿಲ್ಲ, ತೆಳ್ಳಗಿನ ತಂತಿಯಲ್ಲಿ ಅಷ್ಟು ಹರಿಸಿದರೆ ತಂತಿಯೇ ಕಾಯುತ್ತದೆ. ಒಂದು ತಂತಿ ಅದಲುಬದಲಾದರೆ, ಇಷ್ಟು ಹೊತ್ತು ಬದುಕುಳಿದಿದ್ದ ಮದರ್‌ಬೋರ್ಡು ನಮ್ಮ ಕೈಯಿಂದಲೇ ಸಾಯುತ್ತದೆ. ಮನೆಯಲ್ಲಿ ಬೇಡ.

ತುಂಗಾತೀರ ಅವರೇ, ನಿಮ್ಮದು ಈ ಕನ್ಸೋಲಿನ ಮೊಟ್ಟಮೊದಲ ಪೀಳಿಗೆ. ಇದಕ್ಕೆ ಬೇಕಾದದ್ದು 203 ವ್ಯಾಟಿನ ಅಡಾಪ್ಟರು, ಇನ್‌ಪುಟ್ 200–240 ವೋಲ್ಟ್ ಎಂದಿರುವಂಥದ್ದು. ಮುಂದಿನ ಮಾದರಿಗಳು ವಿದ್ಯುತ್ತಿನ ಖರ್ಚನ್ನು ತಗ್ಗಿಸಿಕೊಂಡು 175 ವ್ಯಾಟಿಗೆ, ಆಮೇಲೆ 150 ವ್ಯಾಟಿಗೆ ಇಳಿದವು. ಅವುಗಳ ಅಡಾಪ್ಟರಿನ ತುದಿ ನಿಮ್ಮ ಯಂತ್ರಕ್ಕೆ ಕೂರದಂತೆ ಬೇಕೆಂದೇ ಬೇರೆ ಆಕಾರದಲ್ಲಿ ಮಾಡಿದ್ದಾರೆ. 203 ವ್ಯಾಟಿನದು ಅವಕ್ಕೆ ಆದೀತು, ಅವುಗಳದು ಇದಕ್ಕೆ ಆಗದು. ಎಲ್ಲಿಯಾದರೂ ಅಂಗಡಿಯವರು ತುದಿಯನ್ನು ಸ್ವಲ್ಪ ಕೆತ್ತಿ ಕೂರಿಸಿಕೊಡುತ್ತೇನೆಂದರೆ ಒಪ್ಪಬೇಡಿ. 2010ರಲ್ಲಿ ಬಂದ ತೆಳುವಾದ ಮಾದರಿಯ ಅಡಾಪ್ಟರಂತೂ ಬೇರೆಯೇ ಜಾತಿ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ಬಿಡಿಭಾಗಗಳ ಅಂಗಡಿಗಳನ್ನು ತಾಳ್ಮೆಯಿಂದ ಸುತ್ತಿದರೆ ಇಂಥದ್ದು ಸಿಗುವುದುಂಟು. ಕೊಳ್ಳುವ ಮೊದಲು ಅಂಗಡಿಯಲ್ಲಿಯೇ ನಿಮ್ಮ ಕನ್ಸೋಲಿಗೆ ಜೋಡಿಸಿ ನೋಡುತ್ತೇನೆಂದು ಹೇಳಿ. ಸ್ವಿಚ್ಚು ಹಾಕಿದಾಗ ಅಡಾಪ್ಟರಿನ ಮೇಲೆ ಕಿತ್ತಳೆ ದೀಪ ಬಂದರೆ ಅದು ಕಾಯುತ್ತಿದೆ ಎಂದು, ಕನ್ಸೋಲ್ ಆನ್ ಆದಾಗ ಹಸಿರಾದರೆ ಕೆಲಸ ಮಾಡುತ್ತಿದೆ ಎಂದು, ಕೆಂಪಾದರೆ ಅಡಾಪ್ಟರು ಬಿಸಿಯಾಗಿದೆ ಅಥವಾ ಕೆಟ್ಟಿದೆ ಎಂದು. ಇದು ಅಡಾಪ್ಟರಿನ ದೀಪದ ಭಾಷೆ. ಕನ್ಸೋಲಿನ ಗುಂಡಿಯ ಸುತ್ತ ಇರುವ ಉಂಗುರದ ಭಾಷೆಯೇ ಬೇರೆ, ಎರಡನ್ನೂ ಬೆರೆಸಿಕೊಳ್ಳಬೇಡಿ. ಆ ಉಂಗುರದ ಕೆಂಪು ದೀಪಗಳು ಹೊತ್ತಬೇಕಾದರೂ ಕನ್ಸೋಲಿಗೆ ವಿದ್ಯುತ್ತು ತಲುಪಿರಲೇಬೇಕು. ಯಾವ ದೀಪವೂ ಇಲ್ಲದ ಯಂತ್ರವನ್ನು ಕೆಂಪು ದೀಪಗಳ ರೋಗಿಯೊಂದಿಗೆ ಸೇರಿಸುವುದು ಸರಿಯಲ್ಲ.

ಆದರೆ ನಿಮ್ಮಿಂದ ಒಂದು ಮಾತನ್ನು ಮುಚ್ಚಿಡಲಾರೆ. ಆ ಕೆಂಪು ದೀಪಗಳ ರೋಗ ಹೆಚ್ಚಾಗಿ ಬಂದದ್ದು ಈ ಮೊದಲ ಪೀಳಿಗೆಗೇ. ಉಂಗುರದ ಮೂರು ಭಾಗಗಳು ಕೆಂಪಾಗಿ ಮಿನುಗಿದರೆ ಒಳಗಿನ ಹಾರ್ಡ್‌ವೇರ್ ಕೆಟ್ಟಿದೆ ಎಂದು ಲೆಕ್ಕ. ದೂರುಗಳು ಎಷ್ಟು ಬಂದವೆಂದರೆ 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ಈ ದೋಷಕ್ಕೆ ವಾರಂಟಿಯನ್ನು ಮೂರು ವರ್ಷಕ್ಕೆ ವಿಸ್ತರಿಸಿ, ಅದಕ್ಕಾಗಿ ನೂರು ಕೋಟಿ ಡಾಲರಿಗೂ ಹೆಚ್ಚು ಮೊತ್ತವನ್ನು ತೆಗೆದಿರಿಸಬೇಕಾಯಿತು. ಕಾದು ತಣಿದು, ಕಾದು ತಣಿದು, ಗ್ರಾಫಿಕ್ಸ್ ಚಿಪ್ಪಿನ ಸೂಕ್ಷ್ಮ ಬೆಸುಗೆಗಳು ಬಿರುಕು ಬಿಡುವುದು ಅದರ ಮೂಲ. ನಿಮ್ಮ ಯಂತ್ರ ಇಷ್ಟು ವರ್ಷ ಅದನ್ನು ದಾಟಿ ಬಂದಿದೆ, ಆದರೆ ನಾಳೆಯ ಬಗ್ಗೆ ಯಾರೂ ಭರವಸೆ ಕೊಡಲಾರರು. ಆದ್ದರಿಂದ ಹಳೆಯ ಅಡಾಪ್ಟರು ಅಗ್ಗವಾಗಿ ಸಿಕ್ಕರೆ ಮಾತ್ರ ಕೊಳ್ಳಿ. ಹೊಸದರ ಬೆಲೆ ಹೇಳಿದರೆ ಮಕ್ಕಳಿಗೆ ಬೇರೆ ಏನಾದರೂ ಕೊಡಿಸುವುದೇ ಲೇಸು.

ಹಡ್ಸನ್ ದಂಡೆ

ಹರ್ಟ್ಸ್ ವ್ಯತ್ಯಾಸದ ಬಗ್ಗೆ ಯಾರಾದರೂ ಹೆದರಿಸಿದರೆ ಚಿಂತಿಸಬೇಡಿ. ಅಮೆರಿಕದ ವಿದ್ಯುತ್ತು 60 ಹರ್ಟ್ಸ್, ನಮ್ಮದು 50. ಆದರೆ ಕನ್ಸೋಲಿಗೆ ಹೋಗುವುದು ಡಿಸಿ ಆದ್ದರಿಂದ ಅದಕ್ಕೆ ಈ ಭೇದ ತಿಳಿಯುವುದೇ ಇಲ್ಲ. ಪ್ರವಾಸಿಗರು ಒಯ್ಯುವ ಅಂಗೈಯಗಲದ ವೋಲ್ಟೇಜ್ ಕನ್ವರ್ಟರುಗಳನ್ನು ಮಾತ್ರ ಕೊಳ್ಳಬೇಡಿ. ಅವುಗಳಲ್ಲಿ ಹಲವು ಕೂದಲು ಒಣಗಿಸುವ ಯಂತ್ರದಂಥ ಬಿಸಿ ಮಾಡುವ ಉಪಕರಣಗಳಿಗೆ ಮಾಡಿದವು, ಎಲೆಕ್ಟ್ರಾನಿಕ್ ವಸ್ತುಗಳಿಗೆ ಹೊಂದುವಂಥವಲ್ಲ.

ತುಂಗಾತೀರ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿರುವ ನಮ್ಮ ಮೈದುನ ಕನ್ಸೋಲನ್ನು ಚೀಲದಲ್ಲಿ ಹೊತ್ತುಕೊಂಡೇ ಎಸ್.ಪಿ. ರಸ್ತೆಗೆ ಹೋಗಿದ್ದ. ನಾಲ್ಕು ಅಂಗಡಿಗಳಲ್ಲಿ ಇಲ್ಲವೆಂದರು, ಐದನೆಯದರಲ್ಲಿ 175 ವ್ಯಾಟಿನದನ್ನು ‘ಎಲ್ಲ ಒಂದೇ ಸರ್’ ಎಂದು ಕೊಡಲು ಬಂದರು. ನೀವು ಬರೆದದ್ದನ್ನು ಓದಿಕೊಂಡಿದ್ದರಿಂದ ಅವನು ಒಪ್ಪಲಿಲ್ಲ. ಕೊನೆಗೆ ಒಂದು ಮಹಡಿಯ ಮೇಲಿನ ಅಂಗಡಿಯಲ್ಲಿ, ಧೂಳು ಹಿಡಿದ 203 ವ್ಯಾಟಿನ, 200–240 ವೋಲ್ಟಿನ ಅಡಾಪ್ಟರು ಸಿಕ್ಕಿತು. ಜೋಡಿಸಿದಾಗ ಕಿತ್ತಳೆ ದೀಪ ಬಂತು. ಗುಂಡಿ ಒತ್ತಿದಾಗ ಹಸಿರಾಗಿ ಫ್ಯಾನು ತಿರುಗಿತಂತೆ.

ಆದರೆ ನಿನ್ನೆ ಮನೆಯಲ್ಲಿ ಆನ್ ಮಾಡಿದಾಗ ಅಡಾಪ್ಟರಿನಲ್ಲಿ ಹಸಿರು ದೀಪ ಇದ್ದರೂ, ಕನ್ಸೋಲಿನ ಉಂಗುರದ ನಾಲ್ಕೂ ಭಾಗ ಕೆಂಪಾದವು. ಮೂರಕ್ಕೇ ಯಂತ್ರ ಹೋಯಿತೆಂದು ನೀವು ಬರೆದಿದ್ದೀರಿ, ಇಲ್ಲಿ ನಾಲ್ಕು. ಹೆದರಿ ಕೂಡಲೇ ಆಫ್ ಮಾಡಿದ್ದೇವೆ. ಮತ್ತೇನಾದರೂ ಸುಟ್ಟೀತೆಂಬ ಭಯಕ್ಕೆ ಟಿ.ವಿ.ಗೆ ಇನ್ನೂ ಜೋಡಿಸಿರಲಿಲ್ಲ, ಕೇಬಲ್ ಪೆಟ್ಟಿಗೆಯಲ್ಲೇ ಇದೆ.

ಬೆಸುಗೆಕಡ್ಡಿ

ನಿಮ್ಮ ಕೊನೆಯ ವಾಕ್ಯವೇ ಉತ್ತರ. ಈ ಮಾದರಿಯಲ್ಲಿ ನಾಲ್ಕೂ ಭಾಗ ಕೆಂಪಾದರೆ, ಟಿ.ವಿ.ಗೆ ಹೋಗುವ ಕೇಬಲ್ ಕನ್ಸೋಲಿಗೆ ಸಿಕ್ಕಿಸಿಲ್ಲ ಎಂದಷ್ಟೇ ಅರ್ಥ. ಕೇಬಲ್ಲನ್ನು ಕನ್ಸೋಲಿನ ಹಿಂದೆ ಗಟ್ಟಿಯಾಗಿ ಒತ್ತಿ ಕೂರಿಸಿ, ಆಮೇಲೆ ಆನ್ ಮಾಡಿ.

ತುಂಗಾತೀರ

ಕೇಬಲ್ ಹಾಕಿದೆವು. ಉಂಗುರದಲ್ಲಿ ಹಸಿರು ಬಂತು, ಟಿ.ವಿ.ಯಲ್ಲಿ ಚಿತ್ರವೂ ಬಂತು. ಅಕ್ಕನಿಗೆ ವೀಡಿಯೊ ಕರೆ ಮಾಡಿ ತೋರಿಸಿ, ನಡೆದದ್ದನ್ನೆಲ್ಲ ಈಗ ಹೇಳಿದೆ. ಅಂಗಡಿಯ ಆ ‘ಕನ್ವರ್ಟರ್ ಪಿನ್ನನ್ನು’ ಏನು ಮಾಡಲಿ?

ಬೆಸುಗೆಕಡ್ಡಿ

ಪಿನ್ನು ಇಟ್ಟುಕೊಳ್ಳಿ, ಲ್ಯಾಪ್‌ಟಾಪಿನ ಚಾರ್ಜರಿಗೆ ಬೇಕಾದೀತು. ಕನ್ಸೋಲನ್ನು ಟಿ.ವಿ. ಸ್ಟ್ಯಾಂಡಿನ ಮುಚ್ಚಿದ ಗೂಡಿನಲ್ಲಿಡದೆ ನಾಲ್ಕು ಕಡೆಯೂ ಗಾಳಿಯಾಡುವಲ್ಲಿಡಿ, ಅಡಾಪ್ಟರನ್ನು ರತ್ನಗಂಬಳಿಯ ಮೇಲಿಡಬೇಡಿ. ಅಮೆರಿಕದ ಹಳೆಯ ಅಡಾಪ್ಟರನ್ನು ಮಾತ್ರ, ಗೋಡೆಯಿಂದ ಕಿತ್ತಿರುವುದನ್ನು ಖಚಿತಪಡಿಸಿಕೊಂಡು, ಗೋಡೆಯ ಕಡೆಗೆ ಹೋಗುವ ತಂತಿಯನ್ನು ಬೇರ್ಪಡಿಸಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟುಬಿಡಿ. ಎರಡೂ ಅಡಾಪ್ಟರುಗಳು ನೋಡಲು ಒಂದೇ ಥರ ಇರುತ್ತವೆ. ರಜೆಯ ದಿನ ಮಕ್ಕಳು ಕಪಾಟಿನಿಂದ ಯಾವುದನ್ನು ಎಳೆಯುತ್ತಾರೆಂದು ಹೇಳಲಾಗದು.